ಅಕ್ಕರೆಯ ಮಾತು ಬದಲಾಗಲಿ

ಮನೆಯವರೊಬ್ಬರಿಗೆ ಶಸ್ತ್ರಚಿಕಿತ್ಸೆಯಾಯಿತೆಂದರೆ ಬಂಧುಗಳ ಬಾಯಿಂದ ಹೊರಡುವ ಮೊದಲ ಮಾತು, “ಅಲುಗಾಡಬೇಡಿ, ಸುಮ್ಮನೆ ಮಲಗಿರಿ” ಎಂಬುದು. ಆ ಮಾತಿನ ಹಿಂದಿರುವುದು ಅಕ್ಕರೆಯೇ. ಆದರೆ ಆ ಅಕ್ಕರೆಯೇ ರೋಗಿಯ ಚೇತರಿಕೆಗೆ ಅಡ್ಡಿಯಾಗುವುದೆಂದರೆ ನಂಬುವವರು ಯಾರು?

ಡೆನ್ಮಾರ್ಕಿನ ಶಸ್ತ್ರವೈದ್ಯ ಹೆನ್ರಿಕ್ ಕೆಹ್ಲೆಟ್ 1990ರ ದಶಕದಲ್ಲಿ ಈ ವಿಷಯವನ್ನೇ ಕೈಗೆತ್ತಿಕೊಂಡರು. ದೀರ್ಘ ಉಪವಾಸ, ಶಮನವಾಗದ ನೋವು, ದಿನಗಟ್ಟಲೆಯ ಶಯನ—ಇವೆಲ್ಲ ಮೊದಲೇ ಬಳಲಿದ ದೇಹವನ್ನು ಮತ್ತಷ್ಟು ಬಳಲಿಸುತ್ತವೆಂದು ಅವರು ತೋರಿಸಿಕೊಟ್ಟರು. ಕರುಳಿನ ಶಸ್ತ್ರಚಿಕಿತ್ಸೆಯಲ್ಲಿ ಫಲ ನೀಡಿದ ಅವರ ಕ್ರಮ ಕ್ರಮೇಣ ಯಕೃತ್ತಿಗೂ ವಿಸ್ತರಿಸಿತು. ಅದರ ಅಂತರರಾಷ್ಟ್ರೀಯ ಮಾರ್ಗಸೂಚಿ 2016ರಲ್ಲಿ ಪ್ರಕಟವಾಯಿತು.

ಯಕೃತ್ತು ಸೋಜಿಗದ ಅಂಗ. ಕ್ಯಾನ್ಸರ್ ಗಡ್ಡೆಯೊಡನೆ ಅದರ ದೊಡ್ಡ ಭಾಗವನ್ನೇ ತೆಗೆದರೂ, ಉಳಿದುದು ಆರೋಗ್ಯವಾಗಿದ್ದರೆ ಮತ್ತೆ ಬೆಳೆಯುತ್ತದೆ. ಬೆಳೆಯುವ ಅಂಗಕ್ಕೆ ಆಹಾರ ಬೇಡವೆ? ಆದುದರಿಂದ ಗಟ್ಟಿ ಆಹಾರವನ್ನು ಅರಿವಳಿಕೆಗೆ 6 ಗಂಟೆ ಮೊದಲು ನಿಲ್ಲಿಸಿದರೂ, ತಿಳಿಯಾದ ಪಾನೀಯವನ್ನು 2 ಗಂಟೆ ಮೊದಲಿನವರೆಗೂ ಕೊಡಬಹುದು. ಹೊಟ್ಟೆಗಿಳಿಯುವ ಮೂಗಿನ ನಳಿಕೆಯನ್ನು ವಾಡಿಕೆಯೆಂದು ಇಡುವುದಿಲ್ಲ. ನೋವನ್ನು ಚೆನ್ನಾಗಿ ಹತೋಟಿಯಲ್ಲಿಟ್ಟು, ಮರುದಿನವೇ ರೋಗಿಯನ್ನು ಎಬ್ಬಿಸಿ ನಡೆಸುತ್ತಾರೆ. ಬಾಯಿಂದಲೇ ಊಟ ಕೊಡುತ್ತಾರೆ. ನಡೆದರೆ ಕಾಲಿನ ರಕ್ತನಾಳಗಳಲ್ಲಿ ನೆತ್ತರು ಹೆಪ್ಪುಗಟ್ಟುವ ಭಯ ತಗ್ಗುತ್ತದೆ. ಶ್ವಾಸಕೋಶವೂ ಚೆನ್ನಾಗಿ ಅರಳುತ್ತದೆ.

ಎಲ್ಲರಿಗೂ ಒಂದೇ ವೇಗ ಸಲ್ಲದು. ಯಕೃತ್ತಿನ ಕ್ಯಾನ್ಸರ್ ಬಂದ ಅನೇಕರಲ್ಲಿ ಆ ಅಂಗವು ಮೊದಲೇ ಗಡುಸಾಗಿ ಸೊರಗಿರುತ್ತದೆ. ಅಂಥವರು ಎಷ್ಟು ನಡೆಯಬೇಕು, ಏನು ಉಣ್ಣಬೇಕು ಎಂಬುದನ್ನು ವೈದ್ಯರೇ ನಿರ್ಧರಿಸಬೇಕು.

ಬಂಧುಗಳ ಪಾಲಿಗೆ ಉಳಿಯುವುದು ಒಂದು ಸಣ್ಣ ಕೆಲಸ. ವೈದ್ಯರು ಒಪ್ಪಿದೊಡನೆ ರೋಗಿಯ ತೋಳಿಗೆ ಆಸರೆಯಾಗಿ ನಿಂತು, “ಏಳಿ, ನಾಲ್ಕು ಹೆಜ್ಜೆ ಹಾಕೋಣ” ಎನ್ನುವುದು. ಅದೂ ಅಕ್ಕರೆಯ ಮಾತೇ.