ಎಡಗೈಯ ಸ್ವರಗುಚ್ಛ: ಪೇಟಿಯಿಂದ ಕೀಬೋರ್ಡಿಗೆ ಬರುವ ಬಾಲಾಭ್ಯಾಸಿಗಳ ಒಂದು ತೊಡಕು

ಧಾರವಾಡ ಸೀಮೆಯಲ್ಲಿ ಹಾರ್ಮೋನಿಯಮ್ಮಿಗೆ ಪೇಟಿಯೆಂಬುದೇ ವಾಡಿಕೆಯ ಹೆಸರು. ಶಿಗ್ಗಾಂವಿ ತಾಲೂಕಿನ ತಡಸದಂಥ ಊರಿನಲ್ಲಿ ಭಜನೆಯ ಪೇಟಿಯ ಮುಂದೆ ಕುಳಿತು ಸ್ವರಜ್ಞಾನ ಪಡೆದ ಬಾಲಕನ ಎಡಗೈಗೆ ಒಂದೇ ಕಾರ್ಯ, ತಿದಿಯನ್ನೊತ್ತುವದು. ಅವನೇ ಮುಂದೆ ವಿದ್ಯುತ್ ಕೀಬೋರ್ಡಿನ ಮುಂದೆ ಕುಳಿತಾಗ ತಿದಿಯಿಲ್ಲ; ಎಡಗೈ ಒಮ್ಮೆಲೇ ಮೂರು ಪಟ್ಟಿಗಳನ್ನು ಕೂಡಿ ಒತ್ತಬೇಕು, ಹಾಡಿನ ನಡುವೆ ಅವನ್ನು ಬದಲಿಸಲೂ ಬೇಕು. ಬಲಗೈ ಓಡುತ್ತದೆ, ಎಡಗೈ ತಡವರಿಸುತ್ತದೆ. ಇದನ್ನು ಶಿಕ್ಷಕರು ಸಾಮಾನ್ಯವಾಗಿ ಬೆರಳಿನ ದೌರ್ಬಲ್ಯವೆಂದೆಣಿಸುವರು. ಆ ಎಣಿಕೆ ಸರಿಯಾದುದಲ್ಲವೆಂಬುದೇ ಪ್ರಕೃತ ಲೇಖನದ ಪ್ರತಿಪಾದ್ಯ.

ಈ ಸೀಮೆಯ ಸಂಗೀತ ಮುಖ್ಯವಾಗಿ ಕಂಠಪ್ರಧಾನವಾದುದು. ತಡಸಕ್ಕೆ ಬಹುದೂರವಲ್ಲದ ಕುಂದಗೋಳದಲ್ಲಿ 1886ರಲ್ಲಿ ಸವಾಯಿ ಗಂಧರ್ವರು ಜನಿಸಿದರು. ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಪಂಚಾಕ್ಷರಿ ಗವಾಯಿಗಳು ಜನಿಸಿದರು. ಇಂಥ ಪರಂಪರೆಯಲ್ಲಿ ಪೇಟಿ ಕಂಠವನ್ನು ಹಿಂಬಾಲಿಸುವ ವಾದ್ಯ. ಷಡ್ಜವು ಕದಲದ ನೆಲೆ. ಅದರ ಮೇಲೆ ಒಂದೇ ಸ್ವರಧಾರೆ ಹರಿಯುವದು. ಸ್ವರಗಳನ್ನು ಗುಚ್ಛವಾಗಿ ನುಡಿಸುವ ಪಾಶ್ಚಾತ್ಯ ಪದ್ಧತಿ (ಕೀಬೋರ್ಡಿನವರು ಇದನ್ನು ಕಾರ್ಡ್ ಎನ್ನುವರು) ಇಲ್ಲಿ ಅನವಶ್ಯಕವಾಗಿತ್ತು. 1837ರಲ್ಲಿ ಧಾರವಾಡಕ್ಕೂ 1839ರಲ್ಲಿ ಹುಬ್ಬಳ್ಳಿಗೂ ಬಂದ ಬಾಸೆಲ್ ಮಿಶನ್ನಿನವರ ಸ್ತುತಿಗೀತೆಗಳು ಬೇರೊಂದು ಸಂಪ್ರದಾಯಕ್ಕೆ ಸೇರಿದವು, ಆ ಮಾತು ಬೇರೆ. ಅಂತೂ ನಮ್ಮ ಬಾಲಕನ ಎಡಗೈ ಬಲಹೀನವಲ್ಲ; ಅದಕ್ಕೆ ಸ್ವರಸ್ಥಾನಗಳ ಪರಿಚಯವಿಲ್ಲ, ಮುಂದಿನ ನೆಲೆಯನ್ನು ಮೊದಲೇ ಎಣಿಸುವ ರೂಢಿಯಿಲ್ಲ, ಅಷ್ಟೆ.

ಬಿಳಿ ಒಂದನ್ನು ಷಡ್ಜವಾಗಿಟ್ಟುಕೊಂಡರೆ ಪ್ರಾರಂಭಕ್ಕೆ ಬೇಕಾದ ಗುಚ್ಛಗಳು ಮೂರು: ಸಾ-ಗ-ಪ, ಮ-ಧ-ಸಾ, ಪ-ನಿ-ರಿ. ಪುಸ್ತಕಗಳು ಪ್ರತಿಯೊಂದನ್ನೂ ಅದರ ಮೂಲಸ್ವರದಿಂದಲೇ ಆರಂಭಿಸಿ ಕಲಿಸುವದುಂಟು. ಆಗ ಮೊದಲನೆಯದರಿಂದ ಎರಡನೆಯದಕ್ಕೆ ಹೋಗಲು ಮೂರು ಬೆರಳುಗಳೂ ಐದೈದು ಅರ್ಧಸ್ವರಗಳಷ್ಟು, ಒಟ್ಟು ಹದಿನೈದು ಅರ್ಧಸ್ವರಗಳಷ್ಟು ದೂರ ನೆಗೆಯಬೇಕು. ಕೈ ಗಾಳಿಯಲ್ಲಿ ತೂಗುವದು ಇದರಿಂದಲೇ. ಬದಲಿಗೆ ಎರಡನೆಯ ಗುಚ್ಛವನ್ನು ಸಾ-ಮ-ಧ ಎಂದು ತಿರುಗಿಸಿ ಹಿಡಿದರೆ ಕಿರುಬೆರಳು ಸಾ ಬಿಟ್ಟು ಕದಲಬೇಕಾಗಿಲ್ಲ. ಗಾಂಧಾರದ ಮೇಲಿದ್ದ ನಡುಬೆರಳು ಎದ್ದು, ತೋರುಬೆರಳು ಪಕ್ಕದ ಮಧ್ಯಮವನ್ನು ಹಿಡಿಯುವದು, ಹೆಬ್ಬೆರಳು ಪಂಚಮದಿಂದ ಧೈವತಕ್ಕೆ ಸರಿಯುವದು. ಒಟ್ಟು ಸರಿತ ಮೂರೇ ಅರ್ಧಸ್ವರ. ಮೂರನೆಯದಕ್ಕೆ ಮಧ್ಯಮವನ್ನು ಕೂಡಿಸಿ ರಿಷಭವನ್ನು ಬಿಟ್ಟು, ಮಂದ್ರ ನಿ-ಮ-ಪ ಎಂದು ಹಿಡಿಯುವದು ಲೇಸು. ಸಾ-ಗ-ಪದಿಂದ ಇದಕ್ಕೆ ಬರುವಾಗ ಹೆಬ್ಬೆರಳು ಪಂಚಮದ ಮೇಲೆ ನಿಲ್ಲುವದು. ಸಾ-ಮ-ಧದಿಂದ ಬರುವಾಗ ತೋರುಬೆರಳು ಮಧ್ಯಮದ ಮೇಲೆ ನಿಲ್ಲುವದು. ಅಂದರೆ ಯಾವ ಎರಡು ಗುಚ್ಛಗಳ ನಡುವೆ ಸಂಚರಿಸಿದರೂ ಒಂದು ಬೆರಳು ಬಾಗಿಲಿನ ತಿರುಗಣಿಯಂತೆ ಸ್ಥಿರವಾಗಿರುವದು. ಬಾಲಕನಿಗೆ ಮೊದಲು ತೋರಿಸಬೇಕಾದುದು ಮೂರು ಗುಚ್ಛಗಳನ್ನಲ್ಲ, ಈ ನಿಲ್ಲುವ ಬೆರಳನ್ನು.

ಕೈಯ ಅಳತೆಯನ್ನೂ ಮರೆಯಲಾಗದು. ಪೂರ್ಣ ಗಾತ್ರದ ಬಿಳಿ ಪಟ್ಟಿಯ ಅಗಲ ಸುಮಾರು 2.35 ಸೆಂ.ಮೀ. ಸಾ ದಿಂದ ಧ ವರೆಗಿನ ಆರು ಪಟ್ಟಿಗಳು ಸುಮಾರು 14 ಸೆಂ.ಮೀ. ಆಗುವವು. ಏಳೆಂಟು ವರ್ಷದ ಕೈಗೆ ಇದು ಕಷ್ಟವಾದರೆ ನಡುವಿನ ಸ್ವರವನ್ನು ಬಿಡಿಸಿ ಎರಡೇ ಬೆರಳುಗಳಿಂದ ಕೆಲವು ದಿನ ನುಡಿಸಬಹುದು; ಮಣಿಕಟ್ಟನ್ನು ಬಿಗಿಹಿಡಿದು ಚಾಚುವ ಅಭ್ಯಾಸವನ್ನಂತೂ ಬೆಳೆಯಗೊಡಬಾರದು.

ಇನ್ನು ಕಾಲದ ವಿಚಾರ. ಭಜನೆಯಲ್ಲಿ ತಾಳ ಹಿಡಿದು ಬೆಳೆದ ಮಕ್ಕಳಿಗೆ ಎಂಟು ಮಾತ್ರೆಯ ಕೇರವಾ ಸ್ವಾಭಾವಿಕವಾಗಿ ಬಂದಿರುವದು, ಶಿಕ್ಷಕನಿಗೆ ಇದಕ್ಕಿಂತ ದೊಡ್ಡ ಬಂಡವಾಳವಿಲ್ಲ. ಸಮದಲ್ಲಿ ಗುಚ್ಛವನ್ನು ಒತ್ತಿ ಏಳನೆಯ ಮಾತ್ರೆಯವರೆಗೆ ಹಿಡಿದು, ಎಂಟನೆಯದರಲ್ಲಿ ಕದಲುವ ಬೆರಳುಗಳನ್ನು ಮಾತ್ರ ಎತ್ತಿ ಮುಂದಿನ ಪಟ್ಟಿಗಳ ಮೇಲೆ ಒತ್ತದೆ ಇಡಬೇಕು. ಮತ್ತೆ ಸಮಕ್ಕೆ ಒತ್ತಬೇಕು. ಬಾಯಲ್ಲಿ ಮಾತ್ರೆ ಎಣಿಸುತ್ತ, ಬಲಗೈಯನ್ನು ತೊಡೆಯ ಮೇಲಿಟ್ಟು ಇದನ್ನು ಸಾಧಿಸಬೇಕು. ಎಡಗೈ ತಪ್ಪುವದು ಒತ್ತುವ ಕ್ಷಣದಲ್ಲಲ್ಲ, ಅದಕ್ಕೂ ಮುಂಚಿನ ಮಾತ್ರೆಯಲ್ಲಿ. ಬಲಗೈಯನ್ನು ಕೂಡಿಸುವಾಗಲೂ ಮೊದಲು ಒಂದೇ ದೀರ್ಘಸ್ವರ, ಅನಂತರ ಹಾಡಿನ ಸಾಲು.

ಯಂತ್ರವೇ ಒದಗಿಸುವ ಸ್ವಯಂಚಾಲಿತ ಪಕ್ಕವಾದ್ಯದ ಬಗೆಗೆ ಒಂದು ಮಾತು ಅವಶ್ಯ. ಸಾಮಾನ್ಯವಾಗಿ ಅದರಲ್ಲಿ ಕೈಯೆತ್ತಿದ ಮೇಲೂ ಹಿಂದಿನ ಗುಚ್ಛ ಧ್ವನಿಸುತ್ತಲೇ ಇರುವದು, ಆದುದರಿಂದ ಬೆರಳಿನ ವಿಳಂಬ ಕಿವಿಗೆ ಬೀಳುವದಿಲ್ಲ. ಒಂದೇ ಬೆರಳಿನಿಂದ ಇಡೀ ಗುಚ್ಛವನ್ನು ನುಡಿಸುವ ಸೌಲಭ್ಯವೂ ಅಂಥದೇ. ಸಮಾರಂಭಕ್ಕೆ ಇವು ಒದಗಲಿ, ಅಭ್ಯಾಸಕಾಲದಲ್ಲಿ ಇವನ್ನು ನಿಲ್ಲಿಸಿಡುವದೇ ಯುಕ್ತ.

ಹಾಡಿನ ಆಯ್ಕೆಯಲ್ಲಿ ವಿವೇಚನೆ ಬೇಕು. ಏಳೂ ಶುದ್ಧ ಸ್ವರಗಳುಳ್ಳ ಬಿಲಾವಲ ಮೇಳದ ಸರಳ ಗೀತಗಳಿಗೆ ಮೇಲಿನ ಮೂರು ಗುಚ್ಛಗಳು ಹೊಂದುವವು. ಭೂಪ ರಾಗದಲ್ಲಾದರೋ ಮಧ್ಯಮ-ನಿಷಾದಗಳೇ ಇಲ್ಲ. ಎರಡನೆಯ ಹಾಗೂ ಮೂರನೆಯ ಗುಚ್ಛಗಳು ಅವನ್ನು ಎಳೆತಂದು ರಾಗವನ್ನು ಕೆಡಿಸುವವು. ಅಲ್ಲಿ ಎಡಗೈ ಸಾ-ಪಗಳನ್ನೇ ತಂಬೂರಿಯಂತೆ ಹಿಡಿದರೆ ಸಾಕು.