ಕೃಷಿ ಹೊಂಡದಲ್ಲಿ ಮೀನು: ತಳ ಹೇಗಿರಬೇಕು?

ಕೃಷಿ ಹೊಂಡ ತೋಡಿಸುವ ರೈತರು ಉದ್ದ, ಅಗಲ, ಆಳ ಎಷ್ಟಿರಬೇಕೆಂದು ಕೇಳುತ್ತಾರೆ. ತಳ ಹೇಗಿರಬೇಕೆಂದು ಕೇಳುವವರು ಕಡಿಮೆ. ಈರುಳ್ಳಿಗೋ ಆಲೂಗೆಡ್ಡೆಗೋ ಒಂದೆರಡು ನೀರು ಕೊಡುವುದಷ್ಟೇ ಉದ್ದೇಶವಾಗಿದ್ದರೆ ನೀರು ಇಂಗದಂತೆ ನೋಡಿಕೊಂಡರೆ ಸಾಕು. ಆದರೆ ಅದೇ ಹೊಂಡಕ್ಕೆ ಮೀನುಮರಿ ಬಿಟ್ಟ ದಿನದಿಂದ ತಳವೆಂಬುದು ಮೀನಿನ ಹೊಲವಾಗುತ್ತದೆ. ಹೊಲ ಕೆಟ್ಟರೆ ಬೆಳೆ ಕೆಡುವಂತೆ, ತಳ ಕೆಟ್ಟರೆ ಮೀನು ಉಳಿಯುವುದಿಲ್ಲ.

ಈ ಪಾಠವನ್ನು ನಾನು ಕಲಿತದ್ದು ನನ್ನದೇ ತಪ್ಪಿನಿಂದ. ಕೆಲವು ವರ್ಷಗಳ ಹಿಂದೆ ಅಜ್ಜಂಪುರದ ಕಡೆಯ ಪರಿಚಯದ ರೈತರೊಬ್ಬರು ಪ್ಲಾಸ್ಟಿಕ್ ಹಾಳೆ ಹೊದಿಸಿದ ಹೊಂಡದಲ್ಲಿ ಮೀನು ಬಿಟ್ಟಿದ್ದರು. ಮಣ್ಣಿನ ತಳದ ಕೆರೆಗೆ ಹೇಳುವ ಸಗಣಿಯ ಲೆಕ್ಕವನ್ನೇ ನಾನು ಅವರಿಗೂ ಹೇಳಿದೆ. ಎರಡು ದಿನ ಮೋಡ ಕವಿದಿತ್ತು. ಮೂರನೆಯ ದಿನ ನಸುಕಿನಲ್ಲಿ ಮೀನುಗಳೆಲ್ಲ ಮೇಲೆ ಬಂದು ಬಾಯಿ ತೆರೆಯುತ್ತಿದ್ದವು. ಬಿಸಿಲು ಏರುವಷ್ಟರಲ್ಲಿ ಅರ್ಧಕ್ಕಿಂತ ಹೆಚ್ಚು ಮೀನು ಸತ್ತು ತೇಲಿದ್ದವು. ‘ನೀರು ಹಸಿರಾಗಿ ಚೆನ್ನಾಗೇ ಇತ್ತಲ್ಲ ಸಾರ್’ ಎಂದರು ಅವರು. ನಿಜ, ನಾವಿಬ್ಬರೂ ನೀರನ್ನು ನೋಡಿದ್ದೆವು, ತಳವನ್ನು ನೋಡಿರಲಿಲ್ಲ. ಮಣ್ಣಿಲ್ಲದ ಹಾಳೆಯ ಮೇಲೆ ಸಗಣಿ ಲೋಳೆಯಾಗಿ ಮೂಲೆಗೆ ಸೇರಿ ಕೊಳೆತು, ನೀರಿನ ಆಮ್ಲಜನಕವನ್ನು ಹೀರಿಕೊಂಡಿತ್ತು.

ಮೊದಲು ಮೀನಿನ ಬಾಯಿ ನೋಡಿ

ಯಾವ ತಳ ಒಳ್ಳೆಯದೆಂಬುದು ಅಲ್ಲಿ ಬಾಳುವ ಜೀವಿ ಹೇಗೆ ತಿನ್ನುತ್ತದೆ ಎಂಬುದರ ಮೇಲೆ ಹೋಗುತ್ತದೆ. ಪಟ್ಟಣಗಳಲ್ಲಿ ಕೆಲವರು ಗಾಜಿನ ತೊಟ್ಟಿಯಲ್ಲಿ ಆಕ್ಸೊಲಾಟಲ್ ಎಂಬ ಮೆಕ್ಸಿಕೋ ದೇಶದ ಉಭಯಚರ ಪ್ರಾಣಿಯನ್ನು ಸಾಕುತ್ತಾರೆ. ಅದು ಬಾಯಿ ತೆರೆದು ಆಹಾರವನ್ನು ನೀರಿನೊಡನೆ ಒಳಗೆಳೆದುಕೊಳ್ಳುತ್ತದೆ. ತೊಟ್ಟಿಯ ತಳಕ್ಕೆ ಅಂದಕ್ಕೆಂದು ಸಣ್ಣ ಜಲ್ಲಿಕಲ್ಲು ಹರಡಿದರೆ ಕಲ್ಲೂ ಹೊಟ್ಟೆಗೆ ಹೋಗಿ, ಕರುಳು ಕಟ್ಟಿ ಪ್ರಾಣಿ ಸಾಯಬಹುದು. ಆದ್ದರಿಂದ ತಿಳಿದವರು ತಳವನ್ನು ಬರಿದಾಗಿ ಬಿಡುತ್ತಾರೆ, ಇಲ್ಲವೇ ಬೆಳೆದ ಪ್ರಾಣಿಗೆ ನುಣುಪಾದ ಸಣ್ಣ ಮರಳನ್ನಷ್ಟೇ ಹಾಕುತ್ತಾರೆ.

ನಮ್ಮ ಗೆಂಡೆ ಮೀನುಗಳಿಗೆ ಬರಿದಾದ ತಳ ಹಿಡಿಸುವುದಿಲ್ಲ. ಕಾಟ್ಲಾ ನೀರಿನ ಮೇಲ್ಪದರದಲ್ಲಿ, ರೋಹು ನಡುವಿನಲ್ಲಿ, ಮೃಗಾಲ್ ತಳದಲ್ಲಿ ಮೇಯುತ್ತದೆ. ಸಾಮಾನ್ಯ ಗೆಂಡೆಯೂ ತಳದ್ದೇ. ಅದು ಮಣ್ಣನ್ನು ಕೆದಕಿ ಹುಳುಗಳನ್ನು ತಿನ್ನುತ್ತದೆ. ಮಣ್ಣಿನಲ್ಲಿರುವ ಪೋಷಕಾಂಶಗಳು ನೀರಿಗೆ ಬಿಟ್ಟುಕೊಂಡಾಗಲೇ ಸೂಕ್ಷ್ಮ ಸಸ್ಯಗಳು ಬೆಳೆಯುತ್ತವೆ. ಮೇಲ್ಪದರದ ಮೀನಿಗೂ ಆಹಾರ ಹುಟ್ಟುವುದು ತಳದ ಸತ್ವದಿಂದಲೇ.

ನಿಮ್ಮ ಮಣ್ಣು ಯಾವುದು?

ಒಂದು ಹಿಡಿ ಮಣ್ಣನ್ನು ಹದವಾಗಿ ನೆನೆಸಿ ಉಂಡೆ ಕಟ್ಟಿ, ತಲೆಯೆತ್ತರಕ್ಕೆ ಎಸೆದು ಹಿಡಿಯಿರಿ. ಉಂಡೆ ಒಡೆಯದಿದ್ದರೆ ಅದರಲ್ಲಿ ಸಾಕಷ್ಟು ಜೇಡಿ ಇದೆ. ಇನ್ನೂ ಖಚಿತವಾಗಬೇಕಾದರೆ ಸೊಂಟದಾಳದ ಗುಂಡಿ ತೋಡಿ, ಬೆಳಿಗ್ಗೆ ನೀರು ತುಂಬಿ. ಸಂಜೆ ಮತ್ತೆ ತುಂಬಿಸಿ ಸೊಪ್ಪಿನಿಂದ ಮುಚ್ಚಿ. ಮರುದಿನ ಬೆಳಿಗ್ಗೆ ಬಹುಪಾಲು ನೀರು ಉಳಿದಿದ್ದರೆ ಹಾಳೆಯಿಲ್ಲದೆಯೇ ಮೀನು ಸಾಕಬಹುದು.

ಎರೆಮಣ್ಣು: ನೆನೆದಾಗ ಉಬ್ಬಿ ಬಿರುಕು ಮುಚ್ಚಿಕೊಳ್ಳುವುದರಿಂದ ನೀರು ನಿಲ್ಲುತ್ತದೆ. ಆದರೆ ಬೇಸಿಗೆಯಲ್ಲಿ ಒಣಗಿ ಬಿರಿದ ಹೊಂಡ ಮೊದಲ ಮಳೆಯ ನೀರನ್ನು ಕುಡಿದುಬಿಡುತ್ತದೆ. ಇದಕ್ಕೆ ಸುಣ್ಣ ಕಡಿಮೆ ಸಾಕು. ಇದರ ತೊಂದರೆ ಎಂದರೆ ಕದಡು. ಸಾಮಾನ್ಯ ಗೆಂಡೆ ಹೆಚ್ಚು ಬಿಟ್ಟರೆ ತಳ ಕೆದಕಿ ಕದಡನ್ನು ಹೆಚ್ಚಿಸುತ್ತದೆ. ಬಿಸಿಲು ನೀರಿನೊಳಗೆ ಇಳಿಯದೆ ಆಹಾರ ಹುಟ್ಟುವುದಿಲ್ಲ.

ಕೆಂಪು ಮಣ್ಣು ಮತ್ತು ಗರಸು: ನೀರು ಬೇಗ ಇಂಗುತ್ತದೆ. ಅರ್ಧ ಅಡಿಯಷ್ಟು ಜೇಡಿಮಣ್ಣು ಹರಡಿ, ಹದವಾಗಿ ನೆನೆಸಿ, ಚೆನ್ನಾಗಿ ದಮ್ಮಸ್ಸು ಮಾಡಿದರೆ ಇಂಗುವುದು ತಗ್ಗುತ್ತದೆ. ಹಳೆಯ ಕೆರೆಯ ಗೋಡು ಸಿಕ್ಕಿದರೆ ಅದೂ ಆಗುತ್ತದೆ.

ಪ್ಲಾಸ್ಟಿಕ್ ಹಾಳೆ: 2014ರಲ್ಲಿ ಆರಂಭವಾದ ಕೃಷಿ ಭಾಗ್ಯ ಯೋಜನೆಯ ನಂತರ ಬಯಲು ಸೀಮೆಯಲ್ಲಿ ಇಂತಹ ಹೊಂಡಗಳು ಹೆಚ್ಚಿವೆ. ಹಾಳೆ ಹಾಸುವ ಮುನ್ನ ಚೂಪುಕಲ್ಲು, ಬೇರು, ಕೂಳೆಗಳನ್ನು ಆರಿಸಿ ತೆಗೆದು ಜರಡಿ ಹಿಡಿದ ನಯವಾದ ಮಣ್ಣು ಹರಡಬೇಕು. ಹಾಸಿದ ಮೇಲೆ ಸಮತಟ್ಟಾದ ತಳದಲ್ಲಿ ಮಾತ್ರ ಅರ್ಧ ಅಡಿಗೆ ಕಡಿಮೆಯಿಲ್ಲದಂತೆ ಕಲ್ಲಿಲ್ಲದ ಮಣ್ಣು ಹಾಕಬೇಕು. ಇಳಿಜಾರಿನಲ್ಲಿ ಹಾಕಿದರೆ ಜಾರಿ ಬೀಳುತ್ತದೆ. ಮಣ್ಣು ಹಾಕಲು ಆಗದಿದ್ದರೆ ಸಗಣಿಯ ಆಸೆ ಬಿಡಿ, ಮೃಗಾಲ್ ಕಡಿಮೆ ಮಾಡಿ. ತೌಡು ಮತ್ತು ಕಡಲೆಕಾಯಿ ಹಿಂಡಿಯನ್ನು ಸಮನಾಗಿ ಬೆರೆಸಿ, ತಟ್ಟೆಯಲ್ಲಿಟ್ಟು ನೀರಿಗೆ ಇಳಿಬಿಡಿ. ಮಿಕ್ಕಿದ್ದು ತಟ್ಟೆಯಲ್ಲೇ ಕಾಣುವುದರಿಂದ ಮರುದಿನ ಅಷ್ಟು ಕಡಿಮೆ ಮಾಡಬಹುದು.

ತಳದ ಸಿದ್ಧತೆ

ಮಣ್ಣಿನ ತಳವನ್ನು ಬೇಸಿಗೆಯಲ್ಲಿ ಸೀಳು ಬಿಡುವವರೆಗೆ ಒಣಗಿಸಬೇಕು. ಕೊಳೆತ ಪದಾರ್ಥಗಳು ಗಾಳಿ ಬಿಸಿಲಿಗೆ ಸುಟ್ಟು ವಿಷಾನಿಲ ಹೋಗುತ್ತದೆ. ನಂತರ ಮಣ್ಣಿನ ರಸಸಾರ ಪರೀಕ್ಷೆ ಮಾಡಿಸಿ ಸುಣ್ಣ ಹಾಕಬೇಕು. ರಸಸಾರ 5ರಿಂದ 6.5 ಇದ್ದರೆ ಗುಂಟೆಗೆ 10 ಕಿಲೋ, 6.5ರಿಂದ 7.5 ಇದ್ದರೆ 5 ಕಿಲೋ, 7.5ರಿಂದ 8.5 ಇದ್ದರೆ 2 ಕಿಲೋ ಸಾಕು. 8.5 ಮೀರಿದರೆ ಸುಣ್ಣ ಬೇಡ.

ಸುಣ್ಣ ಹಾಕಿದ ಒಂದು ವಾರದ ನಂತರ ಗುಂಟೆಗೆ 20ರಿಂದ 30 ಕಿಲೋ ಸಗಣಿ ಹಾಕಬಹುದು. ಎರಡನ್ನೂ ಒಟ್ಟಿಗೆ ಹಾಕಬಾರದು. ಮತ್ತೆ ಹದಿನೈದು ದಿನ ಬಿಟ್ಟು ಗುಂಟೆಗೆ 50ರಿಂದ 100ರಂತೆ ಬಲಿತ ಮರಿಗಳನ್ನು ಬಿಡಿ. 21 ಮೀಟರ್ ಉದ್ದ, 21 ಮೀಟರ್ ಅಗಲದ ಹೊಂಡ ನಾಲ್ಕು ಗುಂಟೆಗೆ ತುಸು ಹೆಚ್ಚಾಗುವುದರಿಂದ 200ರಿಂದ 400 ಮರಿ ಹಿಡಿಯುತ್ತದೆ. ಹತ್ತು ಮರಿಗಳಲ್ಲಿ ನಾಲ್ಕು ಕಾಟ್ಲಾ, ಮೂರು ರೋಹು, ಮೂರು ಮೃಗಾಲ್ ಇರಲಿ. ಐದಾರು ತಿಂಗಳು ಮಾತ್ರ ನೀರು ನಿಲ್ಲುವ ಹೊಂಡಕ್ಕೆ ತೀರ ಸಣ್ಣ ಮರಿ ತರಬೇಡಿ. ಅವು ತೂಕಕ್ಕೆ ಬರುವ ಮೊದಲೇ ನೀರು ಮುಗಿಯುತ್ತದೆ.

ತಳ ಕೆಟ್ಟಿದೆಯೆಂದು ತಿಳಿಯುವುದು ಹೇಗೆ?

ಉದ್ದನೆಯ ಕೋಲಿನಿಂದ ತಳವನ್ನು ಕೆದಕಿ. ಗುಳ್ಳೆಗಳು ಮೇಲೆದ್ದು ಕೊಳೆತ ಮೊಟ್ಟೆಯ ವಾಸನೆ ಬಂದರೆ, ಕೋಲಿಗೆ ಕಪ್ಪು ಕೆಸರು ಮೆತ್ತಿದರೆ, ಸಗಣಿ ಮತ್ತು ತಿಂಡಿ ಎರಡನ್ನೂ ನಿಲ್ಲಿಸಿ. ನೀರಿನಲ್ಲಿ ಮೊಣಕೈವರೆಗೆ ಕೈ ಇಳಿಸಿ ನೋಡಿ. ಆ ಹೊತ್ತಿಗೆ ಅಂಗೈ ಮಸುಕಾದರೆ ಹಸಿರು ಹದವಾಗಿದೆ. ಮಣಿಕಟ್ಟು ಮುಳುಗುವಾಗಲೇ ಮರೆಯಾದರೆ ಹಸಿರು ಅತಿಯಾಗಿದೆ, ಇಲ್ಲವೇ ಮಣ್ಣಿನ ಕದಡು ಹೆಚ್ಚಿದೆ.

ನೀರಿನ ಸಸ್ಯಗಳು ಆಮ್ಲಜನಕ ಕೊಡುವುದು ಬಿಸಿಲಿದ್ದಾಗ ಮಾತ್ರ. ರಾತ್ರಿಯೆಲ್ಲ ಸಸ್ಯ, ಮೀನು, ಕೆಸರು ಮೂರೂ ಅದನ್ನು ಬಳಸುವುದರಿಂದ ನಸುಕಿನಲ್ಲಿ ಅದು ಅತಿ ಕಡಿಮೆಯಿರುತ್ತದೆ. ಆದ್ದರಿಂದ ಮೋಡದ ದಿನಗಳಲ್ಲಿ ಬೆಳಗಿನ ಜಾವ ಹೊಂಡದ ಬಳಿ ಒಮ್ಮೆ ಹೋಗಿ ಬನ್ನಿ. ಮೀನು ಬಾಯಿ ತೆರೆಯುತ್ತಿದ್ದರೆ ಕೂಡಲೇ ಪಂಪು ಹಾಕಿ, ಹೊಂಡದ ನೀರನ್ನೇ ಎತ್ತಿ ಹೊಂಡಕ್ಕೇ ಚಿಮ್ಮಿಸಿ. ತಳದ ಕೆಸರು ಕದಡದಂತೆ ಪಂಪಿನ ಬಾಯಿ ಮೇಲೆಯೇ ಇರಲಿ.

ಮನುಷ್ಯರಿಗೂ ಅಪಾಯ

ಹಾಳೆ ಹೊದಿಸಿದ ಹೊಂಡದ ಇಳಿಜಾರು ಪಾಚಿಗಟ್ಟಿ ಜಾರುತ್ತದೆ. ಬಿದ್ದವರು ಈಜು ಬಲ್ಲವರಾದರೂ ಹತ್ತಿ ಬರಲಾರರು. ಎತ್ತಲು ಇಳಿದವರೂ ಜೊತೆಗೆ ಹೋಗುತ್ತಾರೆ. ಮಕ್ಕಳು, ಕುರಿ ಕಾಯುವವರು ಹೀಗೆ ಜೀವ ಕಳೆದುಕೊಂಡಿರುವುದು ನಮಗೆಲ್ಲ ಗೊತ್ತು. ಸುತ್ತ ತಂತಿ ಬೇಲಿ ಹಾಕಿ, ಬಾಗಿಲಿಗೆ ಬೀಗವಿರಲಿ. ದಡದ ಗೂಟಕ್ಕೆ ಬಿಗಿದು, ತಳದವರೆಗೆ ಇಳಿಬಿಟ್ಟ ಗಂಟು ಹಾಕಿದ ಹಗ್ಗ ನಾಲ್ಕು ಬದಿಯಲ್ಲೂ ಇರಲಿ. ಮೀನುಮರಿ ತರುವ ಮೊದಲು ಈ ಹಗ್ಗ ತನ್ನಿ.

ಮೀನು ಹಿಡಿದ ಮೇಲೆ ಹೊಂಡ ಒಣಗಿದಾಗ ತಳದ ಮೇಲ್ಪದರದ ಗೋಡನ್ನು ಕೆರೆದು ಹೊಲಕ್ಕೆ ಹೊಡೆಯಿರಿ. ಹಾಳೆಯ ಮೇಲಾದರೆ ಗುದ್ದಲಿ ತಾಗಿಸದೆ ಕೈಯಿಂದ ತೆಗೆಯಿರಿ. ಮೀನಿಗೆ ಹೆಚ್ಚಾದ ಸತ್ವ ಈರುಳ್ಳಿ ಮಡಿಗೆ ಗೊಬ್ಬರವಾಗುತ್ತದೆ, ಹೊಂಡದ ತಳವೂ ಮುಂದಿನ ಮಳೆಗೆ ಹಸನಾಗುತ್ತದೆ.