‘ಸೂಜಿ ಬ್ಯಾಡ’ ಎನ್ನುವವರ ಜೊತೆ ಅರ್ಧ ಗಂಟೆ

ಗುರುವಾರ ಬಂತೆಂದರೆ ಶಿಕಾರಿಪುರ, ಸೊರಬ ಕಡೆಯ ಯಾವುದಾದರೊಂದು ಅಂಗನವಾಡಿಯ ಮುಂದೆ ಚಪ್ಪಲಿಗಳು ಗುಡ್ಡೆ ಬಿದ್ದಿರುತ್ತವೆ. ಒಳಗೆ ಐಸ್ ಪ್ಯಾಕ್ ತುಂಬಿದ ಲಸಿಕೆ ಡಬ್ಬಿ, ತಾಯಿ ಕಾರ್ಡ್ ಹಿಡಿದ ಅಮ್ಮಂದಿರು, ಒಂದು ಅತ್ತರೆ ಹತ್ತು ಅಳುವ ಕೂಸುಗಳು. ಸೂಜಿ ಹಾಕಿ ಮುಗಿದ ಮೇಲೆ ಸಿಸ್ಟರ್ ಪ್ರತಿ ತಾಯಿಗೂ ನಾಲ್ಕು ಮಾತು ಹೇಳಬೇಕು. ಈಗ ಹಾಕಿದ್ದು ಯಾವ ಲಸಿಕೆ, ಯಾವ ಕಾಯಿಲೆಗೆ. ಜ್ವರ, ಊತ ಬಂದರೆ ಏನು ಮಾಡಬೇಕು. ಮತ್ತೆ ಯಾವಾಗ ಬರಬೇಕು. ಕಾರ್ಡನ್ನು ಜೋಪಾನವಾಗಿಟ್ಟು ಮುಂದಿನ ಸಲ ತರಬೇಕು. ಅಷ್ಟು ಕೇಳಿಸಿಕೊಂಡು ತಾಯಿ ಅಲ್ಲೇ ಅರ್ಧ ಗಂಟೆ ಕೂತು ಹೋಗಬೇಕು. ರಾಷ್ಟ್ರೀಯ ಲಸಿಕಾ ಕಾರ್ಯಕ್ರಮದಲ್ಲಿ ಆಶಾಗಳಿಗೂ ನರ್ಸ್‌ಗಳಿಗೂ ತರಬೇತಿಯಲ್ಲಿ ಬಾಯಿಪಾಠ ಮಾಡಿಸಿರುವ ಮಾತುಗಳಿವು.

ಅಂದರೆ ನಮ್ಮಲ್ಲಿ ಪಾಠ ಇರುವುದು ಹಾಕಿಸಿಕೊಂಡವರಿಗೆ. ಹಾಕಿಸಿಕೊಳ್ಳದವಳು ಆ ಚಾಪೆಯ ಮೇಲೆ ಕೂರುವುದೇ ಇಲ್ಲವಲ್ಲ, ಅವಳಿಗೆ ಯಾವ ಪಾಠ?

ಅಮೆರಿಕದ ಮಿಷಿಗನ್ ರಾಜ್ಯ ಇದನ್ನು ತಿರುಗಾಮುರುಗಾ ಮಾಡಿ ನೋಡಿತು. ಅಲ್ಲಿ ಶಾಲೆಗೆ ಸೇರುವ ಮಗುವಿಗೆ ಲಸಿಕೆಗಳು ಆಗಿರಬೇಕು. ಆದರೆ ವೈದ್ಯಕೀಯ ಕಾರಣವಿದ್ದರೆ, ಧರ್ಮ ಒಪ್ಪದಿದ್ದರೆ, ಅಥವಾ ಸುಮ್ಮನೆ ತಮ್ಮ ಮನಸ್ಸು ಒಪ್ಪದಿದ್ದರೂ ತಂದೆತಾಯಿ ವಿನಾಯಿತಿ ಪಡೆಯಬಹುದು. ಮೊದಲು ಒಂದು ಫಾರಂಗೆ ಸಹಿ ಹಾಕಿದರೆ ಮುಗಿಯುತ್ತಿತ್ತು. 2015ರ ಜನವರಿ 1ರಿಂದ ನಿಯಮ ಬದಲಾಯಿತು. ವೈದ್ಯಕೀಯವಲ್ಲದ ಕಾರಣಕ್ಕೆ ವಿನಾಯಿತಿ ಬೇಕೆನ್ನುವವರು ತಮ್ಮ ಕೌಂಟಿಯ ಆರೋಗ್ಯ ಇಲಾಖೆಗೆ ಖುದ್ದು ಹೋಗಬೇಕು, ನರ್ಸ್ ಎದುರು ಕೂತು ಆ ಕಾಯಿಲೆಗಳ ಬಗ್ಗೆ, ಲಸಿಕೆಯ ಬಗ್ಗೆ ಕೇಳಬೇಕು, ತಮ್ಮ ಅನುಮಾನ ಹೇಳಿಕೊಳ್ಳಬೇಕು. ಆಮೇಲೂ ಬೇಡ ಎಂದರೆ ಇಲಾಖೆಯೇ ಮುದ್ರೆ ಒತ್ತಿ ಫಾರಂ ಕೊಡುತ್ತದೆ. ಬೇಡ ಎನ್ನುವ ಹಕ್ಕು ಹಾಗೇ ಉಳಿಯಿತು, ಜೊತೆಗೊಂದು ಓಡಾಟ ಸೇರಿಕೊಂಡಿತು. ಮೊದಲ ವರ್ಷವೇ ವಿನಾಯಿತಿಗಳು ಸುಮಾರು ಮೂರನೇ ಒಂದು ಪಾಲು ಇಳಿದವು. ಕೆಲ ವರ್ಷ ಕಳೆದ ಮೇಲೆ ಮತ್ತೆ ಮೇಲೇರಿದವು. ಕೆನಡಾದ ಒಂಟಾರಿಯೊ 2017ರಲ್ಲಿ ಇಂಥದ್ದೇ ಪಾಠವನ್ನು ಕಡ್ಡಾಯ ಮಾಡಿತು. ಕ್ಯಾಲಿಫೋರ್ನಿಯಾ ಮಾತ್ರ ಪಾಠದ ಗೋಜೇ ಬೇಡವೆಂದು 2015ರಲ್ಲಿ ಕಾನೂನು ಮಾಡಿ, ವೈದ್ಯಕೀಯವಲ್ಲದ ವಿನಾಯಿತಿಯನ್ನೇ ತೆಗೆದುಹಾಕಿತು.

ಇಳಿದದ್ದು ಯಾಕೆ, ಏರಿದ್ದು ಯಾಕೆ ಎಂಬುದು ಊಹಿಸಲಾಗದ ಒಗಟೇನಲ್ಲ. ಮಗುವಿನ ಹಳೇ ಕಾರ್ಡ್ ಹುಡುಕುವುದಕ್ಕಿಂತ ಸಹಿ ಹಾಕುವುದು ಸಲೀಸು ಎಂದು ವಿನಾಯಿತಿ ಪಡೆಯುತ್ತಿದ್ದವರು, ಆಫೀಸಿಗೆ ಅಲೆಯಬೇಕೆಂದಾಗ ಸೂಜಿಯೇ ವಾಸಿ ಎಂದುಕೊಂಡರು. ಮನಸ್ಸಿನಲ್ಲೇ ಬೇಡವೆಂದು ತೀರ್ಮಾನಿಸಿದವರು ಪಾಠ ಕೇಳಿ, ಸಹಿ ಹಾಕಿ ಬಂದರು. ಸೋಮಾರಿತನಕ್ಕೆ ಅರ್ಧ ಗಂಟೆ ಮದ್ದಾಯಿತು, ನಂಬಿಕೆಗೆ ಅಷ್ಟಾಗಿ ಆಗಲಿಲ್ಲ.

ನಡುವೆ ಒಂದು ಮಾತು. ಅದೇ ಮಿಷಿಗನ್ನಿನ ಡೆಟ್ರಾಯಿಟ್ ಸುತ್ತಿನ ಕನ್ನಡಿಗರು ತಮ್ಮ ಸಂಘಕ್ಕೆ ಇಟ್ಟುಕೊಂಡ ಹೆಸರು ಪಂಪ ಕನ್ನಡ ಕೂಟ. ಸೊರಬದ ಗಡಿ ದಾಟಿದರೆ ಪಂಪ ಹಂಬಲಿಸಿದ ಬನವಾಸಿ. ಮಿಷಿಗನ್ನಿಗೆ ಹೋದ ನಮ್ಮ ಮನೆಗಳವರಿಗೆ ಶಾಲೆಯ ಬಾಗಿಲಲ್ಲಿ ಎದುರಾಗುವ ತಾಪತ್ರಯ ಬೇರೆಯದೇ. ಮಗುವಿಗೆ ಲಸಿಕೆಗಳು ಆಗಿರುತ್ತವೆ, ಆದರೆ ದಾಖಲೆ ಎಂದರೆ ನರ್ಸ್ ಪೆನ್ನಿನಲ್ಲಿ ಗೀಚಿದ ತಾಯಿ ಕಾರ್ಡ್. ತಾರೀಖು ಓದಲಾಗದಿದ್ದರೆ ಹಾಕಿದ್ದನ್ನೇ ಮತ್ತೆ ಹಾಕಿಸಿಕೊಳ್ಳಬೇಕಾಗಬಹುದು. ಚಿಕನ್ ಪಾಕ್ಸ್ ಲಸಿಕೆ ನಮ್ಮ ಸರ್ಕಾರಿ ಪಟ್ಟಿಯಲ್ಲೇ ಇಲ್ಲ, ಅಲ್ಲಿನ ಶಾಲೆಗೆ ಅದು ಬೇಕು. ನಾಲ್ಕನೆಯ ಮಾತು, ಕಾರ್ಡ್ ಜೋಪಾನ ಎಂಬುದು, ಅಷ್ಟು ದೂರ ಹೋಗಿ ಅರ್ಥವಾಗುತ್ತದೆ.

ಬೇಡ ಎನ್ನುವುದಕ್ಕೆ ಬೆಲೆ ಕಟ್ಟುವ ಉಪಾಯ ಹಳೆಯದು. ಇಂಗ್ಲೆಂಡಿನಲ್ಲಿ ಸಿಡುಬಿನ ದಾಕು ಕಡ್ಡಾಯವಾಗಿದ್ದ ಕಾಲದಲ್ಲಿ ಜನ ಬೀದಿಗಿಳಿದು ವಿರೋಧಿಸಿದ ಮೇಲೆ, 1898ರ ಕಾಯ್ದೆ ಅಂತಃಸಾಕ್ಷಿ ಒಪ್ಪದವರಿಗೆ ಬಿಡುವು ಕೊಟ್ಟಿತು. ಷರತ್ತು ಏನೆಂದರೆ, ತನಗೆ ನಿಜಕ್ಕೂ ನಂಬಿಕೆಯಿಲ್ಲ ಎಂದು ಇಬ್ಬರು ಮ್ಯಾಜಿಸ್ಟ್ರೇಟರನ್ನು ಒಪ್ಪಿಸಬೇಕು. ನಮ್ಮ ಮೈಸೂರಿನಲ್ಲಿ ಅದೇ ಶತಮಾನದ ಆರಂಭದಲ್ಲಿ ಬೇರೆಯದೇ ದಾರಿ ಹಿಡಿದರು. ಕಲಾವಿದ ಥಾಮಸ್ ಹಿಕ್ಕಿ 1805ರ ಸುಮಾರಿಗೆ ಬರೆದ ಚಿತ್ರದಲ್ಲಿ ಮೂವರು ಅರಮನೆಯ ಹೆಂಗಸರಿದ್ದಾರೆ. ಒಬ್ಬಾಕೆ ಸೆರಗು ಸರಿಸಿ ತೋಳು ತೋರುತ್ತಿರುವುದು ದಾಕಿನ ಪ್ರಚಾರಕ್ಕಾಗಿ ಎಂದು ಇತಿಹಾಸಕಾರ ನೈಜೆಲ್ ಚಾನ್ಸಲರ್ ಓದುತ್ತಾರೆ. ರಾಣಿಯರೇ ಹಾಕಿಸಿಕೊಂಡಿದ್ದಾರೆ, ನೋಡಿ ಎಂಬ ಪಾಠ. ನಮ್ಮಜ್ಜಿಯ ಎಡತೋಳಿನಲ್ಲಿ ದಾಕಿನ ಎರಡು ದುಂಡು ಗುರುತಿದ್ದವು. ಯಾರು ಹಾಕಿದ್ದು ಎಂದು ಕೇಳಿದರೆ ನೆನಪಿರಲಿಲ್ಲ, ಅಟ್ಟ ಹತ್ತಿ ಬಚ್ಚಿಟ್ಟುಕೊಂಡಿದ್ದು ಮಾತ್ರ ಚೆನ್ನಾಗಿ ನೆನಪಿತ್ತು.

ಶಿಕಾರಿಪುರದ ಶಾಲೆಗೆ ಮಗು ಸೇರಿಸುವಾಗ ವಿನಾಯಿತಿ ಫಾರಂ ಎಂಬುದೇ ಇಲ್ಲ. ಶಾಲೆಗೆ ಲಸಿಕೆ ಕಡ್ಡಾಯ ಎಂಬ ಕಾನೂನೇ ಇಲ್ಲದಿರುವಾಗ ವಿನಾಯಿತಿ ಯಾತರಿಂದ? 6ರಿಂದ 14 ವರ್ಷದ ಮಗುವಿಗೆ ಶಿಕ್ಷಣ ಮೂಲಭೂತ ಹಕ್ಕು, ಸೂಜಿ ಆಗಿಲ್ಲವೆಂದು ಶಾಲೆಯ ಬಾಗಿಲು ಮುಚ್ಚಲಾಗದು. 2019ರ ಜನವರಿಯಲ್ಲಿ ದೆಹಲಿ ಹೈಕೋರ್ಟ್, ಶಾಲೆಗಳಲ್ಲಿ ದಡಾರ–ರುಬೆಲ್ಲಾ ಲಸಿಕೆ ಹಾಕಲು ತಂದೆತಾಯಿಯ ಒಪ್ಪಿಗೆ ಬೇಕಿಲ್ಲ ಎಂಬ ಅಲ್ಲಿನ ಸರ್ಕಾರದ ನಿಲುವನ್ನು ಒಪ್ಪಲಿಲ್ಲ. ಲಸಿಕೆಯ ಲಾಭದ ಜೊತೆಗೆ ಅಡ್ಡಪರಿಣಾಮವನ್ನೂ ತಿಳಿಸಿ ಎಂದಿತು. 2022ರ ಮೇ 2ರಂದು ಜೇಕಬ್ ಪುಲಿಯೆಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಯಾರಿಗೂ ಬಲವಂತವಾಗಿ ಲಸಿಕೆ ಹಾಕುವಂತಿಲ್ಲ ಎಂದಿತು. ಅದು ಕೋವಿಡ್ ಲಸಿಕೆಯ ಮೊಕದ್ದಮೆ, ಆದರೆ ಮೈ ನನ್ನದು ಎಂಬ ತತ್ವ ಎಲ್ಲಕ್ಕೂ ಅನ್ವಯಿಸುವಂಥದ್ದು.

ಹಾಗಾಗಿ ಇಲ್ಲಿ ‘ಬ್ಯಾಡ’ ಎನ್ನುವುದಕ್ಕೆ ಸಹಿಯೂ ಬೇಡ, ಸಾಕ್ಷಿಯೂ ಬೇಡ. ಸೂಜಿಯ ದಿನ ಮಗುವನ್ನು ಶಾಲೆಗೆ ಕಳಿಸದಿದ್ದರಾಯಿತು. ‘ಹೊಟ್ಟೆನೋವು ಮೇಷ್ಟ್ರೇ’, ‘ಅಜ್ಜಿ ಮನೆಗೆ ಹೋಗ್ಯಾನೆ’, ‘ಅವರಪ್ಪ ಬರಲಿ, ಕೇಳ್ತೀನಿ’. 2017ರ ಫೆಬ್ರುವರಿಯಲ್ಲಿ ದಡಾರ–ರುಬೆಲ್ಲಾ ಅಭಿಯಾನ ಕರ್ನಾಟಕವೂ ಸೇರಿದಂತೆ ಐದು ರಾಜ್ಯ ಹಾಗೂ ಕೇಂದ್ರಾಡಳಿತ ಪ್ರದೇಶಗಳಲ್ಲಿ ಶುರುವಾದಾಗ ಗುರಿ ಇದ್ದದ್ದು 3.6 ಕೋಟಿ ಮಕ್ಕಳು, 9 ತಿಂಗಳಿನಿಂದ 15 ವರ್ಷದವರೆಗೆ. ಶಾಲೆಗಳೇ ಶಿಬಿರಗಳಾದವು. ಅದಕ್ಕೂ ಮುಂಚೆ ವಾಟ್ಸ್ಆ್ಯಪ್ ಬಂದಿತ್ತು. ಈ ಸೂಜಿ ಹಾಕಿಸಿಕೊಂಡರೆ ಮುಂದೆ ಮಕ್ಕಳಾಗುವುದಿಲ್ಲ ಎಂಬ ಸಂದೇಶ, ಯಾರದೋ ಊರಿನ ಯಾವುದೋ ಮಗುವಿನ ಫೋಟೊ. ಇಂಥ ದಿನ ಹೈಸ್ಕೂಲಿನಲ್ಲಿ ಒಬ್ಬ ಹುಡುಗಿ ಬೆಳಗಿನ ತಿಂಡಿ ಬಿಟ್ಟು ಬಂದು ಸೂಜಿ ಕಂಡ ಭಯಕ್ಕೆ ತಲೆ ತಿರುಗಿ ಬಿದ್ದರೆ ಮುಗಿಯಿತು, ಸಾಲಿನಲ್ಲಿದ್ದ ಇನ್ನೂ ನಾಲ್ವರು ಬೀಳುತ್ತಾರೆ. ಮದ್ದಿನ ದೋಷವಲ್ಲದ ಈ ಭಯದ ಬವಳಿಗೆ ವಿಶ್ವ ಆರೋಗ್ಯ ಸಂಸ್ಥೆಯೇ ಒಂದು ಉದ್ದನೆಯ ಹೆಸರಿಟ್ಟಿದೆ. ಊರಿನ ಬಾಯಲ್ಲಿ ಅದಕ್ಕೆ ಚುಟುಕು ಹೆಸರು: ‘ಇಂಜೆಕ್ಷನ್ ಏರು ಪೇರಾಯ್ತಂತೆ.’

ಇಷ್ಟೇ ಆಗಿದ್ದರೆ ಈ ಲೇಖನ ಗಾಳಿಸುದ್ದಿಯ ವಿರುದ್ಧದ ಇನ್ನೊಂದು ಉಪದೇಶವಾಗಿ ಮುಗಿಯುತ್ತಿತ್ತು. ಆದರೆ ಸೊರಬದ ಹತ್ತಿರ ಬೇರೊಂದು ಕಥೆಯಿದೆ, ಮಿಷಿಗನ್ನಿನ ನರ್ಸ್‌ಗಳೂ ಕೇಳಬೇಕಾದದ್ದು.

ಕ್ಯಾಸನೂರು ಇರುವುದು ಸೊರಬ ತಾಲ್ಲೂಕಿನಲ್ಲಿ. 1957ರಲ್ಲಿ ಆ ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು, ಸುತ್ತಲ ಹಳ್ಳಿಗಳ ಜನ ಜ್ವರದಲ್ಲಿ ಮಲಗಿದರು. ಮಂಗಗಳೂ ಸಾಯುತ್ತಿದ್ದುದರಿಂದ ಭಾರತಕ್ಕೆ ಹಳದಿ ಜ್ವರ ಬಂತೇ ಎಂದು ವಿಜ್ಞಾನಿಗಳು ಬೆಚ್ಚಿಬಿದ್ದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ಹುಡುಕಿದಾಗ ಸಿಕ್ಕಿದ್ದು ಜಗತ್ತಿಗೇ ಹೊಸ ವೈರಾಣು, ಅದನ್ನು ಹೊತ್ತು ತರುತ್ತಿದ್ದುದು ಉಣುಗು. ಆ ವರ್ಷ 466 ಮಂದಿಗೆ ಕಾಯಿಲೆ ತಗುಲಿತ್ತು. ಪುಸ್ತಕಗಳಲ್ಲಿ ಅದು ಕ್ಯಾಸನೂರು ಕಾಡಿನ ಕಾಯಿಲೆ. ನಮ್ಮ ಬಾಯಲ್ಲಿ ಮಂಗನ ಕಾಯಿಲೆ. ಒಂದು ಊರಿನ ಹೆಸರು ಲೋಕದ ವೈದ್ಯಗ್ರಂಥಗಳಿಗೆಲ್ಲ ಹೋಗಿದ್ದು ಹೀಗೆ. ಹೋಗಬಾರದ ರೀತಿಯಲ್ಲಿ, ಅನ್ನಿ.

ಜ್ವರ ಬಂದವರಲ್ಲಿ ಶೇ 3ರಿಂದ 5ರಷ್ಟು ಜನ ಉಳಿಯುವುದಿಲ್ಲ. ಇದಕ್ಕೆಂದೇ ಔಷಧಿಯೂ ಇಲ್ಲ. ಹಾಗಾಗಿ ಲಸಿಕೆಯ ಮೇಲೆ ಆಸೆ. ಮೊದಲು ರಷ್ಯಾ ಕಡೆಯ ಉಣುಗಿನ ಮೆದುಳುಜ್ವರಕ್ಕೆಂದು ಇದ್ದ ಲಸಿಕೆಯನ್ನು ಇಲ್ಲಿ ಹಾಕಿ ನೋಡಿದರು, ಹತ್ತಲಿಲ್ಲ. ಆಮೇಲೆ ಕೋಳಿಮೊಟ್ಟೆಯ ಭ್ರೂಣದ ಜೀವಕೋಶದಲ್ಲಿ ವೈರಾಣುವನ್ನು ಬೆಳೆಸಿ, ಫಾರ್ಮಲಿನ್ನಿನಲ್ಲಿ ಕೊಂದು ನಮ್ಮದೇ ಲಸಿಕೆ ಮಾಡಿದರು. ಬೆಂಗಳೂರಿನ ಹೆಬ್ಬಾಳದ ಪಶು ಆರೋಗ್ಯ ಮತ್ತು ಪಶುವೈದ್ಯಕೀಯ ಜೈವಿಕ ಸಂಸ್ಥೆಯಲ್ಲಿ ಅದು ತಯಾರಾಗುತ್ತಿತ್ತು. 1990ರಿಂದ 92ರ ನಡುವಿನ ಪರೀಕ್ಷೆಯಲ್ಲಿ ಎರಡು ಡೋಸ್ ಪಡೆದವರಲ್ಲಿ ಶೇ 93.5ರಷ್ಟು ರಕ್ಷಣೆ ಕಂಡಿತು. ದೊಡ್ಡ ಭರವಸೆ.

ಲಸಿಕೆಯ ಲೆಕ್ಕ ಹೀಗಿತ್ತು. ಒಂದು ತಿಂಗಳ ಅಂತರದಲ್ಲಿ ಎರಡು ಸೂಜಿ. ಆರರಿಂದ ಒಂಬತ್ತು ತಿಂಗಳಿಗೆ ಬೂಸ್ಟರ್. ಆಮೇಲೆ ವರ್ಷಕ್ಕೊಂದರಂತೆ ಐದು ವರ್ಷ. ಚಿಕ್ಕ ಮಕ್ಕಳಿಗೂ 65 ದಾಟಿದವರಿಗೂ ಇಲ್ಲ. ಮತ್ತೆ ನೋವೆಂದರೆ ನೋವು! ತೋಳು ಎತ್ತಲಾಗದು, ಊತ, ಜ್ವರ, ಎರಡು ದಿನ ಕೆಲಸ ಬಂದ್. ಕಾಯಿಲೆಯ ಕಾಲವೋ ಸರಿಯಾಗಿ ಭತ್ತದ ಕೊಯ್ಲು, ಅಡಿಕೆ ಕೊಯ್ಲು, ಒಕ್ಕಣೆ ಮುಗಿಯುತ್ತಿದ್ದಂತೆ ದರಗು ಸೌದೆಗೆ ಕಾಡಿಗೆ ಹೋಗುವ ಕಾಲ. ಕೂಲಿ ಬಿಟ್ಟು ತೋಳು ಹಿಡಿದುಕೊಂಡು ಕೂರಲು ಯಾರಿಗಿದೆ ಪುರುಸೊತ್ತು? ಮೊದಲ ಸೂಜಿಗೆ ಬಂದವರು ಎರಡನೆಯದಕ್ಕೆ ಕಮ್ಮಿ, ಬೂಸ್ಟರಿಗೆ ಇನ್ನೂ ಕಮ್ಮಿ. ‘ಹೋದ್ಸಲ ಹಾಕ್ಸಿದ್ದೇ ಸಾಕು ಅಕ್ಕಾ, ಇನ್ನೂ ತೋಳು ಜೋಮು ಹಿಡೀತದೆ’ ಎನ್ನುವವರಿಗೆ ಸರ್ಕಾರಿ ವರದಿ ಇಟ್ಟ ಹೆಸರು ‘ನಿರಾಸಕ್ತಿ’, ‘ಅರಿವಿನ ಕೊರತೆ’.

ಅರಿವಿನ ಕೊರತೆ ಯಾರಿಗಿತ್ತು ಎಂಬುದು ನಿಧಾನಕ್ಕೆ ತಿಳಿಯಿತು. 2005ರಿಂದ 2010ರವರೆಗಿನ ಲೆಕ್ಕ ತೆಗೆದು ನೋಡಿದ ಅಧ್ಯಯನದಲ್ಲಿ ಎರಡು ಡೋಸಿನ ರಕ್ಷಣೆ ಶೇ 62.4ಕ್ಕೆ ಇಳಿದಿತ್ತು, ಬೂಸ್ಟರ್ ಹಾಕಿಸಿಕೊಂಡರೆ ಶೇ 82.9. ಲಸಿಕೆ ಹಾಕಿಸಿಕೊಂಡವರಿಗೂ ಕಾಯಿಲೆ ಬಂದ ಸುದ್ದಿ ಹಳ್ಳಿಯಲ್ಲಿ ಅಧ್ಯಯನಕ್ಕಿಂತ ಮೊದಲೇ ತಲುಪಿತ್ತು. 2018ರ ಕೊನೆಗೆ ಪಕ್ಕದ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಸಾವುಗಳಾದಾಗ ಜನ ತಾವಾಗಿಯೇ ಲಸಿಕೆ ಕೇಳಿ ಸಾಲು ನಿಂತರು. ಹೆದರಿಕೆ ಯಾವ ಪಾಠಕ್ಕಿಂತಲೂ ಗಟ್ಟಿ. ಕೊನೆಗೆ 2022ರಲ್ಲಿ ಲಸಿಕೆ ಸಾಕಷ್ಟು ಕೆಲಸ ಮಾಡುತ್ತಿಲ್ಲವೆಂದು ಸರ್ಕಾರವೇ ಅದನ್ನು ಹಾಕುವುದನ್ನು ನಿಲ್ಲಿಸಿತು. ಈಗ ಉಳಿದಿರುವುದು ಮೈಕೈಗೆ ಹಚ್ಚಿಕೊಳ್ಳುವ ಡೀಪಾ ಎಣ್ಣೆ, ಕಾಡಿಗೆ ಹೋಗಿ ಬಂದ ಮೇಲೆ ಬಿಸಿನೀರ ಸ್ನಾನ, ಮಂಗ ಸತ್ತರೆ ಇಲಾಖೆಗೆ ಫೋನ್.

ಹಾಗಾದರೆ ವರ್ಷಗಟ್ಟಲೆ ‘ಬ್ಯಾಡ’ ಎಂದವರು ತಿಳಿಗೇಡಿಗಳೇ? ನನಗೆ ಹಾಗನ್ನಿಸುವುದಿಲ್ಲ. ಅವರ ಕಾರಣದಲ್ಲಿ ನೋವಿನ ಲೆಕ್ಕವಿತ್ತು, ಕೂಲಿಯ ಲೆಕ್ಕವಿತ್ತು, ಪಕ್ಕದ ಮನೆಯವನಿಗೆ ಸೂಜಿ ಹಾಕಿಸಿಯೂ ಜ್ವರ ಬಂದ ಸಾಕ್ಷಿಯಿತ್ತು. ಅದೇ ಉಸಿರಿನಲ್ಲಿ ಇನ್ನೊಂದು ಮಾತನ್ನೂ ಹೇಳಬೇಕು. ಮಂಗನ ಕಾಯಿಲೆಯ ಸೂಜಿ ಬೇರೆ, ದಡಾರದ ಸೂಜಿ ಬೇರೆ. ಎರಡು ಡೋಸ್ ದಡಾರದ ಲಸಿಕೆ ನೂರಕ್ಕೆ ತೊಂಬತ್ತೇಳು ಮಕ್ಕಳನ್ನು ಕಾಯುತ್ತದೆ, ದಶಕಗಳ ಕಾಲ ಕೋಟ್ಯಂತರ ಮಕ್ಕಳಲ್ಲಿ ಕಂಡ ಫಲ ಅದು. ಆದರೆ ತೋಳು ಒಂದೇ ತಾನೇ? ಒಂದು ಸೂಜಿಯ ಕಹಿ ಇನ್ನೊಂದರ ಮೇಲೆ ಹೋಗುತ್ತದೆ. ಮಂಗನ ಕಾಯಿಲೆಯ ಇಂಜೆಕ್ಷನ್ನಿಗೆ ತೋಳು ಕೊಟ್ಟು ಎರಡು ದಿನ ನರಳಿದ ಅಪ್ಪ, ಮಗಳ ಶಾಲೆಯಲ್ಲಿ ಸೂಜಿ ಎಂದಾಗ ಹುಬ್ಬು ಗಂಟಿಕ್ಕಿದರೆ ಅದರಲ್ಲಿ ವಾಟ್ಸ್ಆ್ಯಪ್ಪಿನ ಪಾಲೇನೂ ಇಲ್ಲ.

ಪಲ್ಸ್ ಪೋಲಿಯೊ ದಿನಗಳಲ್ಲಿ ಮನೆ ಬಾಗಿಲಿಗೆ ಸೀಮೆಸುಣ್ಣದಲ್ಲಿ ಗುರುತು ಹಾಕುತ್ತಿದ್ದುದು ನಿಮಗೆ ನೆನಪಿರಬಹುದು. ಹನಿ ಹಾಕಿದ್ದರೆ ‘ಪಿ’, ಉಳಿದಿದ್ದರೆ ‘ಎಕ್ಸ್’. ಎಕ್ಸ್ ಬಿದ್ದ ಮನೆಗೆ ಮರುದಿನ ಮತ್ತೆ ಹೋಗುತ್ತಾರೆ, ಅದರಾಚೆ ಮತ್ತೆ. ಮೊದಲು ಆಶಾ, ಆಮೇಲೆ ಸಿಸ್ಟರ್, ಆಮೇಲೆ ಪಿಎಚ್‌ಸಿ ಡಾಕ್ಟ್ರು. ಬಗ್ಗದಿದ್ದರೆ ಊರಿನ ಹಿರಿಯರು, ಮಸೀದಿಯ ಮೌಲವಿಗಳು, ಮಠದ ಸ್ವಾಮಿಗಳು. ಮಿಷಿಗನ್ನಿನಲ್ಲಿ ಬೇಡವೆನ್ನುವವರು ಆಫೀಸಿಗೆ ಹೋಗುತ್ತಾರೆ, ಇಲ್ಲಿ ಆಫೀಸೇ ಜಗಲಿಗೆ ಬರುತ್ತದೆ. 2011ರ ಜನವರಿ 13ರ ನಂತರ ಭಾರತದಲ್ಲಿ ನೈಸರ್ಗಿಕ (ವೈಲ್ಡ್) ಪೋಲಿಯೊ ವೈರಾಣುವಿನ ಹೊಸ ಪ್ರಕರಣ ಕಂಡಿಲ್ಲವಾದರೆ, ಅದರಲ್ಲಿ ಈ ಜಗಲಿ ಓಡಾಟದ ಪಾಲು ಬಹಳ. ಓಡಾಡುವಾಕೆಯ ಕಥೆ ಬೇರೆ. 2025ರ ಜನವರಿಯಲ್ಲಿ ರಾಜ್ಯದ ಆಶಾಗಳು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ಮಲಗಿ ಕೇಳಿದ್ದು, ತಮ್ಮ ದುಡಿಮೆಗೆ ತಿಂಗಳಿಗೆ ಒಂದು ಖಚಿತ ಮೊತ್ತ.

ಆಕೆ ಜಗಲಿಯಲ್ಲಿ ಕೂತಾಗ ನಿಜಕ್ಕೂ ಏನು ನಡೆಯುತ್ತದೆ? ಪಾಠ ಅನ್ನುವುದು ದೊಡ್ಡ ಮಾತಾಯಿತು. ಮೊದಲು ಕಾಫಿ ಬರುತ್ತದೆ, ಶುಂಠಿಯ ರೇಟು ಬಿದ್ದ ಸುದ್ದಿ ಬರುತ್ತದೆ. ಆಕೆ ಅದೇ ಊರಿನ ಸೊಸೆ, ಆಕೆಯ ಮಕ್ಕಳಿಗೂ ಅದೇ ಸೂಜಿ ಬಿದ್ದಿದೆ, ಅದೇ ದೊಡ್ಡ ಪುರಾವೆ. ‘ನಮ್ ಹುಡುಗುಂಗೂ ಹಾಕ್ಸೀನಲ್ಲ, ಏನಾಗ್ಯದೆ?’ ಎನ್ನುತ್ತಾಳೆ. ಹೆಚ್ಚಿನ ಸಲ ಅಷ್ಟರಲ್ಲೇ ಕೆಲಸವಾಗುತ್ತದೆ. ಆಗದಿದ್ದ ಕಡೆ ಆಕೆಗೆ ಬಾಯಿ ಕಟ್ಟುತ್ತದೆ, ಯಾಕೆಂದರೆ ತರಬೇತಿಯಲ್ಲಿ ಆಕೆಗೆ ಕೊಟ್ಟಿರುವುದು ಉತ್ತರಗಳು ಮಾತ್ರ. ಎದುರಿನವರು ಹೇಳುವುದರಲ್ಲಿ ನಿಜವಿದ್ದರೆ ಅದನ್ನು ಹೌದು ಎನ್ನಬಹುದೇ, ಪಿಎಚ್‌ಸಿಗೆ ಬರೆದು ಕಳಿಸಬಹುದೇ ಎಂದು ಆಕೆಗೆ ಯಾರೂ ಹೇಳಿಲ್ಲ. ಆಕೆಯ ಪುಸ್ತಕದಲ್ಲಿ ನಿರಾಕರಿಸಿದವರ ಸಂಖ್ಯೆ ಬರೆಯಲು ಜಾಗವಿದೆ, ನೋವು ತಿಂದವರ ಮಾತು ಬರೆಯಲು ಇಲ್ಲ. ಅದೇ 2022ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಅಡ್ಡಪರಿಣಾಮವನ್ನು ಸಾಮಾನ್ಯರೇ ದಾಖಲಿಸುವಂಥ, ಎಲ್ಲರೂ ನೋಡಬಹುದಾದ ವ್ಯವಸ್ಥೆ ಮಾಡಿ ಎಂದಿತ್ತು. ಸೊರಬದ ಜಗಲಿಯಲ್ಲಿ ಅಂಥ ದಾಖಲೆ ಇಪ್ಪತ್ತು ವರ್ಷ ಮೊದಲೇ ಇದ್ದಿದ್ದರೆ ಆ ಲಸಿಕೆ ಸೋಲುತ್ತಿದೆ ಎಂದು ಹೆಬ್ಬಾಳಕ್ಕೆ ಬೇಗ ಗೊತ್ತಾಗುತ್ತಿತ್ತೋ ಏನೋ.

ಈಗ ಮಂಗನ ಕಾಯಿಲೆಗೆ ಹೊಸ ಲಸಿಕೆಯ ಕೆಲಸ ನಡೆದಿದೆ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಹೈದರಾಬಾದಿನ ಇಂಡಿಯನ್ ಇಮ್ಯುನಾಲಜಿಕಲ್ಸ್ ಸೇರಿ ಮಾಡುತ್ತಿರುವುದು. ಅದು ಒಂದು ದಿನ ಡಬ್ಬಿಯಲ್ಲಿ ಐಸ್ ಪ್ಯಾಕಿನ ನಡುವೆ ಕೂತು ಕ್ಯಾಸನೂರಿಗೂ ಬರುತ್ತದೆ. ಆಶಾ ಅಕ್ಕ ಜಗಲಿ ಹತ್ತುತ್ತಾಳೆ, ಯಾವ ಕಾಯಿಲೆಗೆ, ಜ್ವರ ಬಂದರೆ ಏನು, ಮತ್ತೆ ಯಾವಾಗ, ಕಾರ್ಡ್ ಜೋಪಾನ ಎಂದು ನಾಲ್ಕೂ ಮಾತು ಹೇಳಿ ಮುಗಿಸುತ್ತಾಳೆ. ಕಂಬಕ್ಕೊರಗಿ ಅಡಿಕೆ ಹೋಳು ಮಾಡುತ್ತಿದ್ದ ಯಜಮಾನರು ಕತ್ತರಿ ಕೆಳಗಿಟ್ಟು ಒಂದೇ ಪ್ರಶ್ನೆ ಕೇಳುತ್ತಾರೆ: ‘ಅದೆಲ್ಲ ಸರಿ ಮಗಾ, ಹಳೇದನ್ನ ನಿಲ್ಸಿದ್ದು ಯಾಕೆ?’